‘ಹೇಗಾಯ್ತು?’ ಎಂದು ಯಾರೂ ಕೇಳದ ಸಾವು

ಸಾವಿನ ಮನೆಗೆ ಹೋದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೊಡನೆ ತಗ್ಗಿದ ದನಿಯಲ್ಲಿ ಕೇಳುವುದು ಒಂದೇ ಮಾತು: ‘ಹೇಗಾಯ್ತು?’ ಮನೆಯವರು ಹೇಳುತ್ತಾರೆ. ‘ರಾತ್ರಿ ಚೆನ್ನಾಗೇ ಇದ್ರು, ಮುದ್ದೆ ಉಂಡ್ರು, ಬೆಳಿಗ್ಗೆ ಎಬ್ಬಿಸೋಕೆ ಹೋದ್ರೆ...’ ಅಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ. ಅದೇ ಪ್ರಶ್ನೆ, ಅದೇ ಉತ್ತರ. ಹನ್ನೊಂದನೆಯ ದಿನದ ಹೊತ್ತಿಗೆ ಆ ಕತೆಯನ್ನು ಐವತ್ತು ಸಲವಾದರೂ ಹೇಳಿ ಆಗಿರುತ್ತದೆ. ಮೊದಲ ದಿನ ಗಂಟಲಿನಿಂದ ಹೊರಡದ ಮಾತು ಹೇಳಿ ಹೇಳಿ ಒಂದು ಹದಕ್ಕೆ ಬರುತ್ತದೆ. ದುಃಖ ಕಡಿಮೆಯಾಗುವುದಿಲ್ಲ, ಆದರೆ ಹೊರಲು ಒಂದು ಹಿಡಿ ಸಿಗುತ್ತದೆ.

ಆದರೆ ಯಾರೂ ಹಾಗೆ ಕೇಳದ ಸಾವುಗಳೂ ಇವೆ. ಕಳೆದ ಯುಗಾದಿ ಮುಗಿದ ಮೂರನೆಯ ದಿನ ಅಂಥದ್ದೊಂದು ನಮ್ಮ ಮಾರೇನಹಳ್ಳಿಯಲ್ಲಿ ನಡೆಯಿತು. ಬೆಂಗಳೂರಿನಲ್ಲಿ ಈ ಹೆಸರಿನ ಊರು ಒಂದಕ್ಕಿಂತ ಹೆಚ್ಚಿವೆ. ನಾನು ಹೇಳುತ್ತಿರುವುದು ವಿಜಯನಗರಕ್ಕೆ ಅಂಟಿಕೊಂಡಿರುವ ಮಾರೇನಹಳ್ಳಿಯನ್ನು. ನಮ್ಮ ಪಕ್ಕದ ಮನೆಯ ಹುಡುಗ ಡಿಗ್ರಿ ಓದುತ್ತಿದ್ದಾನೆ. ಬೆಳಿಗ್ಗೆ ಏಳು ಗಂಟೆಗೆ ಕಾಂಪೌಂಡಿನ ಆಚೆ ನಿಂತು ‘ಅಕ್ಕಾ, ಸತ್ತೋಯ್ತು’ ಎಂದ. ಕಣ್ಣು ಕೆಂಪಗಿತ್ತು. ಒಳಗಿನಿಂದ ಅವನ ತಾಯಿಯ ದನಿ: ‘ಒಂದು ಹುಳಕ್ಕೆ ಇಷ್ಟೊಂದು ಅಳ್ತಾರೇನೋ?’

ಸತ್ತದ್ದು ಅವನು ಸಾಕಿದ್ದ ಟರಾಂಟುಲಾ. ಮೈತುಂಬ ರೋಮ, ಕಾಲು ಚಾಚಿದರೆ ಅಂಗೈ ತುಂಬುವ ಗಾತ್ರ. ದಕ್ಷಿಣ ಅಮೆರಿಕ ಮೂಲದ ಈ ಜೇಡವನ್ನು ಊರು ಬಿಟ್ಟುಹೋಗುತ್ತಿದ್ದ ಕಾಲೇಜಿನ ಹಿರಿಯನೊಬ್ಬ ಅವನಿಗೆ ಕೊಟ್ಟಿದ್ದ. ಪುಸ್ತಕದ ಕಪಾಟಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಎರಡು ವರ್ಷ ಇತ್ತು. ಆ ಮನೆಗೆ ಬಂದ ನೆಂಟರು ಆ ಕೋಣೆಗೆ ಹೋಗುತ್ತಿರಲಿಲ್ಲ.

ಜೇಡಕ್ಕೆ ಅಳುವುದೇ ಎಂದು ಓದುಗರಿಗೂ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಆ ಹುಡುಗನ ಜತೆ ಕುಳಿತು ‘ಹೇಗಾಯ್ತು’ ಎಂಬುದನ್ನು ಹುಡುಕುತ್ತಾ ಹೋದಾಗ ತಿಳಿದದ್ದು ಜೇಡದ ವಿಷಯ ಮಾತ್ರವಲ್ಲ.

ಹೆಸರಿನ ಹಿಂದಿನ ಕತೆ

ಟರಾಂಟುಲಾ ಎಂಬ ಹೆಸರು ಬಂದದ್ದು ದಕ್ಷಿಣ ಇಟಲಿಯ ಟರಾಂಟೊ ಎಂಬ ಊರಿನಿಂದ. ಅಲ್ಲಿನ ಹೊಲಗಳಲ್ಲಿರುವ ಒಂದು ಬೇಟೆಗಾರ ಜೇಡ ಕಚ್ಚಿದರೆ ಹುಚ್ಚು ಹಿಡಿಯುತ್ತದೆ, ಬಿಡದೆ ಕುಣಿದರೆ ಮಾತ್ರ ವಿಷ ಇಳಿಯುತ್ತದೆ ಎಂದು ಜನ ನಂಬಿದ್ದರು. ಕಚ್ಚಿಸಿಕೊಂಡವರ ಸುತ್ತ ವಾದ್ಯ ಬಾರಿಸುತ್ತಿದ್ದರು. ‘ಟರಾಂಟೆಲ್ಲಾ’ ಎಂಬ ಕುಣಿತದ ಹೆಸರಿಗೂ ಇದೇ ನಂಟು. ನಿಜವಾಗಿ ಆ ಜೇಡ ಅಷ್ಟೇನೂ ಅಪಾಯಕಾರಿಯಲ್ಲ. ಮುಂದೆ ಯುರೋಪಿನವರು ಅಮೆರಿಕ ಖಂಡಕ್ಕೆ ಹೋಗಿ ಅಲ್ಲಿನ ರೋಮಭರಿತ ದೊಡ್ಡ ಜೇಡಗಳನ್ನು ಕಂಡಾಗ, ಊರಿನ ಹಳೆಯ ಭಯದ ಹೆಸರನ್ನೇ ಅವಕ್ಕೂ ಇಟ್ಟರು. ಜರ್ಮನಿಯಲ್ಲಿ ಹುಟ್ಟಿದ ಚಿತ್ರಗಾರ್ತಿ ಮಾರಿಯಾ ಸಿಬಿಲ್ಲಾ ಮೇರಿಯನ್ 1705ರಲ್ಲಿ ಪ್ರಕಟಿಸಿದ ಸುರಿನಾಮಿನ ಕೀಟಗಳ ಗ್ರಂಥದಲ್ಲಿ ಇಂಥ ಜೇಡ ಪುಟ್ಟ ಹಕ್ಕಿಯೊಂದನ್ನು ತಿನ್ನುವ ಚಿತ್ರವಿದೆ. ಅದನ್ನು ಬಹುಕಾಲ ಹಲವರು ನಂಬಲೇ ಇಲ್ಲ.

ಈ ವಂಶದಲ್ಲಿ ಇಂದು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಇವು ಪರದೇಶದ ಜೀವಿಗಳೆಂದು ನಾವು ಭಾವಿಸಬೇಕಿಲ್ಲ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ, ಮಣ್ಣಿನ ಬಿಲಗಳಲ್ಲಿ ಅವುಗಳ ಸಂಸಾರ ಹಿಂದಿನಿಂದಲೂ ಇದೆ. ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1895ರಲ್ಲಿ ವಿವರಿಸಿದ ‘ಪೊಯೆಸಿಲೊಥೀರಿಯಾ ಸ್ಟ್ರಯೇಟಾ’ ಎಂಬ ಪಟ್ಟೆಪಟ್ಟೆಯ ಜೇಡವನ್ನು ಹೊರದೇಶದ ಸಾಕಣೆದಾರರು ಇಂದಿಗೂ ಮೈಸೂರಿನ ಹೆಸರಿನಿಂದಲೇ ಕರೆಯುತ್ತಾರೆ. ಬಳ್ಳಾರಿಯಿಂದ ಆಚೆ, ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಸಿಕ್ಕ ನೀಲಿ ಜೇಡವನ್ನು ಅದೇ ಪೊಕಾಕ್ 1899ರಲ್ಲಿ ದಾಖಲಿಸಿದರು. ಆಮೇಲೆ ಒಂದು ಶತಮಾನ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಕಡೆಯ ಕಾಡಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಇಂದು ಅದು ತೀವ್ರ ಅಳಿವಿನಂಚಿನಲ್ಲಿರುವ ಜೀವಿ.

ನಮ್ಮ ಸಂಸ್ಕೃತಿಗೂ ಜೇಡ ಹೊರಗಿನದಲ್ಲ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವ ‘ಜೇಡ’ನಿಗೆ ನೇಕಾರ ಎಂದರ್ಥ, ನೇಯುವ ಮನುಷ್ಯನಿಗೂ ನೇಯುವ ಪ್ರಾಣಿಗೂ ಕನ್ನಡ ಒಂದೇ ಹೆಸರು ಕೊಟ್ಟಿದೆ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ‘ಶ್ರೀ’ ಎಂದರೆ ಜೇಡ, ‘ಕಾಳ’ ಎಂದರೆ ಹಾವು, ‘ಹಸ್ತಿ’ ಎಂದರೆ ಆನೆ. ಶಿವಲಿಂಗಕ್ಕೆ ಬಲೆಯ ಚಪ್ಪರ ಹೆಣೆದ ಜೇಡ, ಆ ಸೇವೆಯಲ್ಲೇ ಪ್ರಾಣ ಬಿಟ್ಟು ಮುಕ್ತಿ ಪಡೆಯಿತೆಂದು ಆ ಕತೆ ಹೇಳುತ್ತದೆ.

ಬೆನ್ನ ಮೇಲೆ ಬಿದ್ದರೆ ಸಾವಲ್ಲ

ಈಗ ಪಕ್ಕದ ಮನೆಗೆ ಮರಳೋಣ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ದಿನ ನಾನು ಆ ಗಾಜಿನ ಪೆಟ್ಟಿಗೆಯೊಳಗೆ ಇಣುಕಿದಾಗ ಜೇಡ ಬೆನ್ನ ಮೇಲೆ ಬಿದ್ದಿತ್ತು. ಎಂಟೂ ಕಾಲು ಆಕಾಶಕ್ಕೆ. ‘ಸತ್ತುಹೋಗಿದೆಯಲ್ಲೋ’ ಎಂದೆ. ಹುಡುಗ ತುಟಿಯ ಮೇಲೆ ಬೆರಳಿಟ್ಟು ‘ಇಲ್ಲ ಅಕ್ಕಾ, ಪೊರೆ ಬಿಡ್ತಾ ಇದೆ, ಮುಟ್ಟಬೇಡಿ’ ಎಂದ. ಕೆಲವು ಗಂಟೆಗಳ ಬಳಿಕ ಪೆಟ್ಟಿಗೆಯಲ್ಲಿ ಎರಡು ಜೇಡಗಳಿದ್ದಂತೆ ಕಂಡಿತು. ಒಂದು ಹೊಸದು, ಹೊಳೆಯುವಂಥದ್ದು. ಇನ್ನೊಂದು ಅದು ಕಳಚಿಟ್ಟ ಅಂಗಿ.

ಜೇಡಗಳಿಗೆ ನಮ್ಮಂತೆ ಒಳಗಿನ ಮೂಳೆಗಳಿಲ್ಲ. ಮೈಯ ಹೊರಗಿನ ಗಟ್ಟಿ ಕವಚವೇ ಆಧಾರ. ಕವಚ ಬೆಳೆಯುವುದಿಲ್ಲ, ಒಳಗಿನ ಜೀವ ಬೆಳೆದಾಗ ಅದನ್ನು ಕಳಚಲೇಬೇಕು. ಟರಾಂಟುಲಾ ಕಳಚುವುದು ಮೇಲಿನ ಚರ್ಮವನ್ನಷ್ಟೇ ಅಲ್ಲ. ಬಾಯಿಯ ಒಳಪದರ, ವಿಷದ ಹಲ್ಲಿನ ಹೊದಿಕೆ, ಪುಸ್ತಕದ ಹಾಳೆಗಳಂತೆ ಜೋಡಿಸಿರುವ ಶ್ವಾಸಾಂಗಗಳ ಒಳಪದರ ಎಲ್ಲವೂ ಆ ಪೊರೆಯ ಜತೆ ಹೊರಬರುತ್ತವೆ. ಇಷ್ಟನ್ನೂ ಅದು ಹೆಚ್ಚಾಗಿ ಬೆನ್ನ ಮೇಲೆ ಮಲಗಿಯೇ ಮಾಡುತ್ತದೆ. ಹೊಸಬರು ಈ ಸ್ಥಿತಿಯನ್ನು ನೋಡಿ ಸತ್ತಿತೆಂದು ತಿಳಿದು ಕಡ್ಡಿಯಿಂದ ತಿವಿಯುವುದು, ಮಗುಚಿ ಹಾಕುವುದು, ಕಸದ ಬುಟ್ಟಿಗೆ ಎಸೆಯುವುದು ಉಂಟು. ಮೃದುವಾದ ಮೈ ಆಗ ಹರಿದುಹೋಗಬಹುದು. ಸತ್ತಿತೆಂದು ತಿಳಿದದ್ದೇ ಸಾವಿಗೆ ಕಾರಣವಾಗುವ ವಿಪರ್ಯಾಸ ಇದು.

ಹಾಗಾದರೆ ಸತ್ತ ಜೇಡ ಹೇಗಿರುತ್ತದೆ? ಮೈ ನೆಟ್ಟಗೆ ಕೂತಿದ್ದು, ಕಾಲುಗಳೆಲ್ಲ ಮಡಚಿ ಹೊಟ್ಟೆಯಡಿ ಸೇರಿರುತ್ತವೆ, ಮುಷ್ಟಿ ಕಟ್ಟಿದ ಕೈಯಂತೆ. ಇದಕ್ಕೊಂದು ಸರಳ ಕಾರಣವಿದೆ. ನಮ್ಮ ಮೊಣಕಾಲನ್ನು ಮಡಿಸಲು ಒಂದು ಸ್ನಾಯು, ಚಾಚಲು ಇನ್ನೊಂದು ಸ್ನಾಯು ಉಂಟು. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯು ಮಾತ್ರ ಇದೆ. ಚಾಚಬೇಕಾದರೆ ಅದು ಮೈಯೊಳಗಿನ ರಕ್ತದ್ರವವನ್ನು ಒತ್ತಡದಿಂದ ಕಾಲಿಗೆ ನೂಕುತ್ತದೆ. ಮಣ್ಣೆತ್ತುವ ಯಂತ್ರದ ತೋಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವಂತೆ ಎನ್ನಬಹುದು. ಜೀವ ಹೋದಾಗ ಒತ್ತಡವೂ ಇಳಿಯುತ್ತದೆ; ಕಾಲುಗಳು ತಾವಾಗಿ ಮಡಚಿಕೊಳ್ಳುತ್ತವೆ. ನೀರಿಲ್ಲದೆ ಬಳಲಿದ ಜೇಡದ ಕಾಲುಗಳೂ ಇದೇ ರೀತಿ ಮಡಚತೊಡಗುತ್ತವೆ. ಆ ಹಂತದಲ್ಲಿ ಅದನ್ನು ಮೆಲ್ಲಗೆ ನೀರಿನ ತಟ್ಟೆಯ ಅಂಚಿಗೆ, ಬಾಯಿಗೆ ತೇವ ತಾಗುವಂತೆ ಇಟ್ಟರೆ ಕೆಲವೊಮ್ಮೆ ಚೇತರಿಸಿಕೊಳ್ಳುವುದುಂಟು.

ಯುಗಾದಿಯ ಮೂರನೆಯ ದಿನ ಹುಡುಗ ಕಂಡದ್ದು ಈ ಮುಷ್ಟಿಯನ್ನು. ನೀರಿನ ತಟ್ಟೆ ತುಂಬಿತ್ತು. ಮಧ್ಯಾಹ್ನದವರೆಗೆ ಕಾದ. ಅಲುಗಲಿಲ್ಲ.

ಕಪಾಟಿನ ಅಂಚಿನ ಬಿಳಿ ಗೆರೆ

ಅನಿರೀಕ್ಷಿತ ಸಾವಿನ ಬೆನ್ನಿಗೇ ಬರುವುದು ‘ನಾನೇನು ತಪ್ಪು ಮಾಡಿದೆ’ ಎಂಬ ಪ್ರಶ್ನೆ. ನಾಯಿ, ಬೆಕ್ಕು ಕಾಯಿಲೆ ಬಿದ್ದರೆ ಮುಖ ಬಾಡುತ್ತದೆ, ಕುಂಯ್‌ಗುಟ್ಟುತ್ತವೆ, ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕರೆದೊಯ್ಯಲು ಒಂದೆರಡು ದಿನ ಸಮಯವಾದರೂ ಸಿಗುತ್ತದೆ. ಜೇಡ ನರಳುವುದಿಲ್ಲ. ಚೆನ್ನಾಗಿರುವಾಗಲೂ ದಿನಗಟ್ಟಲೆ ಅಲುಗದೆ ಕೂರುತ್ತದೆ. ವಾರಗಟ್ಟಲೆ ಉಣ್ಣದೆ ಇರುತ್ತದೆ. ಕಾಯಿಲೆಗೂ ವಿಶ್ರಾಂತಿಗೂ ವ್ಯತ್ಯಾಸ ಕಾಣುವುದು ಕಷ್ಟ. ಹೀಗಾಗಿ ಸಾಕಿದವರಿಗೆ ಅದರ ಸಾವು ಹೆಚ್ಚು ಸಲ ದಿಢೀರೆಂದೇ ಬರುತ್ತದೆ.

ಕಾರಣಗಳು ಹಲವು. ಪೊರೆ ಕಳಚುವಾಗ ಕಾಲು ಸಿಕ್ಕಿಕೊಂಡು ಸೋಲುವುದು ಒಂದು. ಪೊರೆ ಬಿಟ್ಟು ಮೈ, ಹಲ್ಲು ಇನ್ನೂ ಮೆದುವಾಗಿರುವಾಗ ಆಹಾರಕ್ಕೆಂದು ಹಾಕಿದ ಚಿಮ್ಮಂಡೆ ಹುಳವೇ ಅದನ್ನು ಕಚ್ಚುವುದು ಇನ್ನೊಂದು. ನೆಲದಲ್ಲಿ ವಾಸಿಸುವ ಭಾರದ ಜೇಡ ಒಂದೆರಡು ಅಡಿ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆಯಬಹುದು. ಕೈಯ ಮೇಲೆ ಬಿಟ್ಟುಕೊಂಡು ಗೆಳೆಯರಿಗೆ ತೋರಿಸುವ ಷೋಕಿ ಇದಕ್ಕಾಗಿಯೇ ಅಪಾಯ. ಮುಚ್ಚಿದ ಪೆಟ್ಟಿಗೆಯ ಮೇಲೆ ಏಪ್ರಿಲ್ ಬಿಸಿಲು ನೇರವಾಗಿ ಬಿದ್ದರೆ ಒಳಗೆ ಒಲೆ ಹೊತ್ತಿಸಿದಂತೆ. ಬಾಯಿಯ ಸುತ್ತ ಬಿಳಿಯ ಅಂಟಿನಂತೆ ಕಾಣುವ ದಾರಹುಳುಗಳ ಸೋಂಕು ಮತ್ತೊಂದು. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಸಾಕಿದ ಟರಾಂಟುಲಾಗಳ ಬಾಯಿಯಿಂದ ಇಂಥ ಒಂದು ಹೊಸ ಪ್ರಭೇದವನ್ನು 2022ರಲ್ಲಿ ವಿವರಿಸಿದರು. ಸೋಂಕಿದ ಜೇಡ ಹಲ್ಲು ಆಡಿಸಲಾಗದೆ ಉಪವಾಸ ಬಿದ್ದು ಸಾಯುತ್ತದೆ.

ನಗರದ ಮನೆಗಳಲ್ಲಿ ಇವೆಲ್ಲಕ್ಕಿಂತ ಹತ್ತಿರದ ಅಪಾಯ ಕೀಟನಾಶಕ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ದ್ರವ, ಜಿರಲೆ ಸೀಮೆಸುಣ್ಣ, ಡೆಂಗಿ ಕಾಲದಲ್ಲಿ ಬೀದಿಗೆ ಬರುವ ಹೊಗೆಯಂತ್ರ, ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಎಂಬ ಗುಂಪಿನ ರಾಸಾಯನಿಕಗಳು. ಸೇವಂತಿಗೆಯ ಜಾತಿಯ ಹೂವೊಂದರಿಂದ ದೊರೆಯುವ ವಿಷವನ್ನು ಅನುಸರಿಸಿ ತಯಾರಾದ ಇವು ಮನುಷ್ಯರಿಗೆ ಮಾಡುವ ಹಾನಿ ಕಡಿಮೆ. ಕೀಟಗಳ, ಜೇಡಗಳ ನರಗಳಿಗೆ ಮಾತ್ರ ಮಾರಕ. ಸೊಳ್ಳೆ ಯಾವುದು, ಸಾಕಿದ ಜೇಡ ಯಾವುದು ಎಂದು ವಿಷ ವಿಚಾರಿಸುವುದಿಲ್ಲ.

ಹುಡುಗ ಕಪಾಟಿನ ಅಂಚಿನಲ್ಲಿ ಬಿಳಿಯ ಗೆರೆ ಕಂಡದ್ದು ಆಗ. ಯುಗಾದಿಗೆ ಮನೆ ತೊಳೆದು, ಧೂಳು ಹೊಡೆದು, ತಾಯಿ ಎಲ್ಲ ಕಪಾಟಿಗೂ ಜಿರಲೆ ಸೀಮೆಸುಣ್ಣ ಎಳೆದಿದ್ದರು. ಅವನ ಕೋಣೆಯದ್ದಕ್ಕೂ. ಅಂದು ಸಂಜೆ ಆ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತಾಡಲಿಲ್ಲ. ‘ಒಂದು ಹುಳಕ್ಕೆ’ ಎಂದಿದ್ದ ತಾಯಿ ಮರುದಿನ ನನ್ನ ಹತ್ತಿರ ಬಂದು, ‘ನಂಗೇನು ಗೊತ್ತಿತ್ತು ಹೇಳಮ್ಮ, ಪ್ರತಿ ವರ್ಷ ಎಳೆಯೋ ಹಾಗೆ ಎಳೆದೆ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಲೆಕ್ಕಕ್ಕೆ ಬಾರದ ದುಃಖ

ಸಮಾಜ ದುಃಖಕ್ಕೂ ಒಂದು ಲೆಕ್ಕ ಇಟ್ಟಿದೆ. ತಂದೆ ಸತ್ತರೆ ಎಷ್ಟು ದಿನ ಸೂತಕ, ದಾಯಾದಿ ಸತ್ತರೆ ಎಷ್ಟು ದಿನ ಎಂಬುದು ಹಿರಿಯರಿಗೆ ಬಾಯಿಪಾಠ. ಕಚೇರಿಯಲ್ಲಿ ಯಾವ ಸಂಬಂಧಿಯ ಸಾವಿಗೆ ರಜೆ ಸಿಗುತ್ತದೆ ಎಂಬುದೂ ಗೊತ್ತು. ಈ ಲೆಕ್ಕದ ಹೊರಗುಳಿದ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಬಹಿರಂಗವಾಗಿ ಒಪ್ಪಿಕೊಳ್ಳಲಾಗದ, ನಾಲ್ಕು ಜನರ ನಡುವೆ ಅಳಲಾಗದ, ಸಮಾಜದ ಆಸರೆ ಸಿಗದ ದುಃಖ ಅದು. ಸಾಕಿದ ಪ್ರಾಣಿಯ ಸಾವಿನ ದುಃಖ ಇದಕ್ಕೆ ಎದ್ದು ಕಾಣುವ ಉದಾಹರಣೆ.

ಆ ಪಟ್ಟಿಯೊಳಗೂ ಮೇಲು ಕೀಳು ಉಂಟು. ನಾಯಿ ಸತ್ತರೆ ಇಂದು ಅಕ್ಕಪಕ್ಕದವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಮೀನು ಸತ್ತರೆ ‘ಇನ್ನೊಂದು ತಂದರಾಯಿತು’ ಎನ್ನುತ್ತಾರೆ. ಜೇಡ ಸತ್ತರೆ ನಗುತ್ತಾರೆ. ಸಾಕಿದವನಿಗೆ ಎರಡು ಹೊರೆ: ಒಂದು ಸಾವಿನದು, ಇನ್ನೊಂದು ಅದನ್ನು ಮುಚ್ಚಿಡಬೇಕಾದದ್ದು. ಜೇಡ ತನ್ನನ್ನು ಗುರುತು ಹಿಡಿಯುತ್ತಿತ್ತೆಂದು ಆ ಹುಡುಗ ಎಂದೂ ಹೇಳಿದ್ದಿಲ್ಲ. ‘ಅದಕ್ಕೆ ನಾನು ಯಾರೋ ಏನೋ ಅಕ್ಕಾ. ಆದ್ರೆ ಎರಡು ವರ್ಷ ದಿನಾ ರಾತ್ರಿ ಲೈಟ್ ಆರಿಸೋ ಮುಂಚೆ ನೀರು ನೋಡ್ತಿದ್ದೆ’ ಎಂದ. ಪ್ರೀತಿ ಮರಳಿ ಬಂದಿತ್ತೋ ಇಲ್ಲವೋ, ಕೊಟ್ಟ ಕೈಗೆ ಈಗ ಕೆಲಸವಿಲ್ಲ. ದುಃಖ ಎಂದರೆ ಬಹುಮಟ್ಟಿಗೆ ಅದೇ ಅಲ್ಲವೇ?

ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಟರಾಂಟುಲಾಗಳ ದೂರದ ಬಂಧುವಾದ, ಬಿಲಕ್ಕೆ ಮುಚ್ಚಳ ಹೆಣೆದು ಬಾಳುವ ಜೇಡವೊಂದನ್ನು ಪಶ್ಚಿಮ ಆಸ್ಟ್ರೇಲಿಯಾದ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಿಂದ ಗಮನಿಸುತ್ತಾ ಬಂದರು. ಅದರ ಹೆಸರು ಒಂದು ಸಂಖ್ಯೆ ಮಾತ್ರ: ಹದಿನಾರು. ಮೇನ್ ಮತ್ತು ಅವರ ಬಳಿಕ ಬಂದವರು ದಶಕಗಳ ಕಾಲ ಅದೇ ಬಿಲದ ಬಾಯಿಗೆ ಹೋಗಿ ನೋಡುತ್ತಿದ್ದರು. 2016ರಲ್ಲಿ ಒಂದು ದಿನ ಬಿಲದ ಮುಚ್ಚಳಕ್ಕೆ ತೂತು ಬಿದ್ದಿತ್ತು, ಜೇಡ ಇರಲಿಲ್ಲ. ಪರಾವಲಂಬಿ ಕಣಜವೊಂದರ ದಾಳಿಗೆ ತುತ್ತಾಗಿರಬೇಕೆಂದು ತೀರ್ಮಾನಿಸಿದರು. ಆಗ ಅದಕ್ಕೆ 43 ವರ್ಷ. 2018ರಲ್ಲಿ ಆ ಅಧ್ಯಯನ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳು ಒಂದು ಜೇಡದ ಸಾವಿನ ವಾರ್ತೆಯನ್ನು ಬರೆದವು. ಎಲ್ಲ ಬರಹಗಳಲ್ಲೂ ಇದ್ದದ್ದು ಅದೇ ಮೂರು ಸಂಗತಿ: ಯಾರು, ಎಷ್ಟು ಕಾಲ ಬಾಳಿತು, ಹೇಗಾಯ್ತು.

ಆತಕೂರಿನ ಕಾಳಿ

ಈ ಮೂರು ಸಂಗತಿಗಳನ್ನು ಪ್ರಾಣಿಯೊಂದಕ್ಕಾಗಿ ಕಲ್ಲಿನಲ್ಲಿ ಬರೆಸಿದ ಕೀರ್ತಿ ಕನ್ನಡ ನಾಡಿಗೆ ಸಾವಿರ ವರ್ಷ ಹಿಂದೆಯೇ ಸೇರಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ವೀರಗಲ್ಲು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದು ಹೋಗುವಷ್ಟು ದೂರ.

ಕಲ್ಲಿನ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿ ಕೊಂದ ಸಂಗತಿ ಅದರಲ್ಲಿದೆ. ಚರಿತ್ರಕಾರರು ಆ ಶಾಸನವನ್ನು ಮತ್ತೆ ಮತ್ತೆ ಉಲ್ಲೇಖಿಸುವುದು ಈ ಕಾರಣಕ್ಕೆ. ಆದರೆ ಕಲ್ಲು ನಿಲ್ಲಿಸಿದ್ದು ಚೋಳನನ್ನು ಗೆದ್ದುದಕ್ಕಲ್ಲ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಬೂತುಗನ ಅನುಚರ ಮಣಲೆರನಿಗೆ, ಏನು ಬೇಕೋ ಕೇಳು ಎಂದು ಒಡೆಯ ಹೇಳಿದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕೆಳಲೆನಾಡಿನ ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಛೂಬಿಟ್ಟರು. ನಾಯಿ ಹಂದಿಯನ್ನು ಕೊಂದಿತು, ಹಂದಿ ನಾಯಿಯನ್ನು ಕೊಂದಿತು.

ಮಣಲೆರ ಅದಕ್ಕೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿದ. ನಾಯಿ ಹಂದಿಗಳ ಕಾಳಗವನ್ನು ಮೇಲೆ ಕೆತ್ತಿಸಿದ. ಪೂಜೆ ನಡೆಯಲೆಂದು ಕೆರೆಯ ಕೆಳಗಿನ ಭೂಮಿ ಬಿಟ್ಟ. ಅಲ್ಲಿನ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದ.

ಛೂಬಿಟ್ಟವರಲ್ಲಿ ತಾನೂ ಒಬ್ಬನೆಂಬುದು ಮಣಲೆರನಿಗೆ ಗೊತ್ತಿರದೇ ಇರಲಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೆಂದು ಶಾಸನ ಹೇಳುವುದಿಲ್ಲ. ಶಾಸನಗಳು ಅದನ್ನೆಲ್ಲ ಹೇಳುವುದಿಲ್ಲ. ಆದರೆ ಅವನು ಸಾವಿನ ಬಗೆಯನ್ನು ಮುಚ್ಚಿಡಲಿಲ್ಲ. ಹೆಸರು ಹೇಳಿದ, ಸ್ಥಳ ಹೇಳಿದ, ನಡೆದದ್ದನ್ನು ನಡೆದಂತೆ ಹೇಳಿದ. ‘ಹೇಗಾಯ್ತು?’ ಎಂದು ಯಾರು ಎಂದು ಬಂದು ಕೇಳಿದರೂ ಉತ್ತರ ಕೊಡಲು ಕಲ್ಲು ಅಲ್ಲಿ ನಿಂತಿತು.

ಈ ಪರಂಪರೆ ಮುಗಿದಿಲ್ಲ. ನಮ್ಮ ಹಳ್ಳಿಗಳಲ್ಲಿ ಮಂಗ ಸತ್ತರೆ ಇಂದಿಗೂ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ, ಎಷ್ಟೋ ಕಡೆ ಅದರ ಮೇಲೆ ಆಂಜನೇಯನ ಗುಡಿ ಎದ್ದಿದೆ. ದೇವರ ಬಸವ ಸತ್ತರೆ ಊರೇ ತಿಥಿ ಮಾಡುತ್ತದೆ. ಮೈಸೂರು ದಸರಾದಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ ಒಂಟಿ ಸಲಗದ ದಾಳಿಗೆ ಬಲಿಯಾದಾಗ ಜನ ಗೋಳಾಡಿದರು. ಅಷ್ಟೇ ಅಲ್ಲ, ಹೇಗಾಯ್ತು ಎಂದು ಕೇಳಿದರು. ಉತ್ತರ ಬೇಕೆಂದು ಪಟ್ಟು ಹಿಡಿದರು. ಮಣ್ಣು ಮಾಡಿದ ಜಾಗದಲ್ಲಿ ಈಗ ಅದರ ಸ್ಮಾರಕವಿದೆ.

ಆನೆಗೆ ಸ್ಮಾರಕ, ನಾಯಿಗೆ ವೀರಗಲ್ಲು, ಮಂಗಕ್ಕೆ ಗುಡಿ. ಜೇಡಕ್ಕೆ ಏನು?

ಒಂದು ಹೂಕುಂಡ ಸಾಕು

ಅನುಭವಿಗಳು ಹೇಳುವ ಮೊದಲ ಮಾತು: ಅವಸರಪಡಬೇಡಿ. ಸತ್ತಿದೆ ಎಂದು ಖಚಿತವಾಗುವವರೆಗೆ ಒಂದೆರಡು ದಿನ ಬಿಡಿ. ಬೇರೆ ಜೇಡಗಳೂ ಮನೆಯಲ್ಲಿದ್ದರೆ ಸತ್ತದ್ದರ ಪೆಟ್ಟಿಗೆ, ಚಿಮುಟಗಳನ್ನು ಅವುಗಳಿಗೆ ಬಳಸಬೇಡಿ, ಸೋಂಕಿದ್ದರೆ ಹರಡೀತು. ನಡೆದದ್ದನ್ನು ಬರೆದಿಡಿ. ಕೊನೆಯ ಸಲ ಯಾವಾಗ ತಿಂದಿತು, ಯಾವಾಗ ಪೊರೆ ಬಿಟ್ಟಿತು, ಕೋಣೆಯಲ್ಲಿ ಏನು ಬದಲಾಗಿತ್ತು. ಇದು ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸಲು ಅಲ್ಲ; ಇನ್ನೊಂದು ಜೀವ ಅದೇ ರೀತಿ ಹೋಗದಿರಲೆಂದು. ಮನೆಯಲ್ಲಿ ಮಕ್ಕಳಿದ್ದರೆ ‘ಓಡಿಹೋಯಿತು’ ಎನ್ನಬೇಡಿ, ‘ಸತ್ತಿತು’ ಎನ್ನಿ. ಓಡಿಹೋದದ್ದು ಒಂದು ದಿನ ಬಂದೀತೆಂದು ಮಗು ಕಾಯುತ್ತದೆ. ಮರುದಿನವೇ ಅಂಥದ್ದೇ ಇನ್ನೊಂದನ್ನು ತಂದಿಟ್ಟು ಸಮಾಧಾನ ಹೇಳುವುದೂ ಬೇಡ.

ಸರ್ಕಾರಕ್ಕೂ ಈಗ ಇದರಲ್ಲಿ ಪಾತ್ರವಿದೆ. ನಮ್ಮ ಪೊಯೆಸಿಲೊಥೀರಿಯಾ ಜೇಡಗಳನ್ನು 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಮೆಕ್ಸಿಕೊದ ಕೆಂಪು ಮಂಡಿಯ ಜೇಡ ಅದಕ್ಕೂ ಮುಂಚಿನಿಂದ ಅಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅಂಥ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. 2024ರ ನಿಯಮಗಳು ಅದರ ವಿಧಾನವನ್ನು ಹೇಳುತ್ತವೆ. ಮರಿಯಾದರೂ ಸತ್ತರೂ ತಿಳಿಸಬೇಕು. ಜೇಡದ ಸಾವನ್ನು ‘ಹೇಗಾಯ್ತು’ ಎಂದು ಅಧಿಕೃತವಾಗಿ ಕೇಳುವವರು ಕೊನೆಗೂ ಒಬ್ಬರಿದ್ದಾರೆ ಎನ್ನಬೇಕು. ಕಾಡಿನ ಜೇಡವನ್ನು ಹಿಡಿದು ತಂದು ಸಾಕುವುದಂತೂ ಕೂಡದು. ಒಂದೊಂದು ಹೆಣ್ಣು ಜೇಡ ಎಷ್ಟೋ ವರ್ಷ ಬೆಳೆದ ಮೇಲೆ ಮರಿ ಮಾಡುವಂಥದ್ದು. ಪೊಟರೆಯಿಂದ ಒಂದನ್ನು ಕಿತ್ತರೆ ಒಂದು ಸಂಸಾರವನ್ನೇ ಕಿತ್ತಂತೆ.

ಪಶ್ಚಿಮ ಬೆಂಗಳೂರಿನವರಿಗೆ ನಾಯಿ, ಬೆಕ್ಕುಗಳ ಅಂತ್ಯಕ್ರಿಯೆಗೆ ಸುಮನಹಳ್ಳಿಯ ಪ್ರಾಣಿ ಚಿತಾಗಾರವಿದೆ. ಕೆಂಗೇರಿ ಕಡೆ ಸಾಕುಪ್ರಾಣಿಗಳ ಸಮಾಧಿ ಜಾಗವಿದೆ. ಜೇಡಕ್ಕೆ ಒಂದು ಹೂಕುಂಡ ಸಾಕು.

ಆ ಹುಡುಗ ಮಣ್ಣು ಮಾಡುವ ಮುನ್ನ ಭೂತಗನ್ನಡಿ ಹಿಡಿದು ಕೊನೆಯ ಸಲ ನೋಡಿದ. ಮುಂಗಾಲುಗಳ ಒಳಮಗ್ಗುಲಲ್ಲಿ ಚಿಕ್ಕ ಕೊಕ್ಕೆಗಳು. ಬಾಯಿಯ ಪಕ್ಕದ ಎರಡು ಕಿರುಕಾಲುಗಳ ತುದಿ ಗುಂಡಗೆ ಊದಿದಂತೆ. ಮಳೆಗಾಲದಲ್ಲಿ ಕಳಚಿದ್ದ ಪೊರೆಯನ್ನು ಅವನು ಪೆನ್ನಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದ. ಅದನ್ನು ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದ. ಪೊರೆಯಲ್ಲಿ ಕೊಕ್ಕೆಗಳಿರಲಿಲ್ಲ.

ಅದರರ್ಥ ಇಷ್ಟು: ಅದು ಗಂಡು. ಆ ಪೊರೆ ಬಿಟ್ಟಾಗ ಪ್ರಾಯಕ್ಕೆ ಬಂದಿತ್ತು. ಹೆಣ್ಣು ಟರಾಂಟುಲಾ ಕೆಲವು ಪ್ರಭೇದಗಳಲ್ಲಿ ಇಪ್ಪತ್ತು ವರ್ಷ ಮೀರಿ ಬಾಳುತ್ತದೆ. ಗಂಡು ಹಾಗಲ್ಲ, ಪ್ರಾಯಕ್ಕೆ ಬಂದ ಪೊರೆಯೇ ಸಾಮಾನ್ಯವಾಗಿ ಅದರ ಕೊನೆಯ ಪೊರೆ. ಅಲ್ಲಿಂದ ಮುಂದೆ ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ಊಟ ಬಿಟ್ಟು, ಸೊರಗಿ, ಹೆಣ್ಣನ್ನು ಹುಡುಕಿಕೊಂಡು ಅಲೆಯುತ್ತದೆ. ಫೆಬ್ರುವರಿಯಿಂದ ತನ್ನ ಜೇಡ ರಾತ್ರಿಯಿಡೀ ಗಾಜಿನ ಗೋಡೆಯುದ್ದಕ್ಕೂ ಸುತ್ತುತ್ತಿದ್ದುದು, ಹಾಕಿದ ಹುಳವನ್ನು ಮುಟ್ಟದಿದ್ದುದು ಹುಡುಗನಿಗೆ ಆಗ ನೆನಪಾಯಿತು.

ಸೀಮೆಸುಣ್ಣದಿಂದ ಸತ್ತಿತೋ, ಕಾಲ ಮುಗಿದು ಸತ್ತಿತೋ? ಎರಡೂ ಸೇರಿತ್ತೋ? ಖಚಿತವಾಗಿ ಹೇಳಲು ಬಾರದು. ಅವನು ತಾಯಿಗೆ ಅದನ್ನೇ ಹೇಳಿದ. ‘ನಿನ್ನಿಂದ ಅಲ್ಲ’ ಎಂದು ಸುಳ್ಳು ಹೇಳಲಿಲ್ಲ, ‘ನಿನ್ನಿಂದಲೇ’ ಎಂದೂ ಹೇಳಲಿಲ್ಲ. ಕೊಕ್ಕೆ ತೋರಿಸಿದ, ಪೊರೆ ತೋರಿಸಿದ, ಮೊದಲಿನಿಂದ ಕತೆ ಹೇಳಿದ. ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು 43 ಡಿಗ್ರಿ ಬಿಸಿಲಿನಲ್ಲಿ ನಿಂತವರಂತೆ ಕಣ್ಣು ಕಿರಿದು ಮಾಡಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಹಡಿಯ ದಾಸವಾಳದ ಕುಂಡದಲ್ಲಿ ಮಣ್ಣು ಸಡಿಲ ಮಾಡಿಕೊಟ್ಟರು.

ಪೊರೆ ಮಾತ್ರ ಈಗಲೂ ಡಬ್ಬಿಯಲ್ಲಿದೆ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದಾನೆ: ಬಂದ ದಿನ, ಪೊರೆ ಬಿಟ್ಟ ದಿನ, ಹೋದ ದಿನ. ಕಪಾಟಿನ ಬಿಳಿ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದವರು ತಾಯಿ. ಮೊನ್ನೆ ಅವರ ಮನೆಗೆ ಬಂದ ಚಿಕ್ಕಮ್ಮ ಖಾಲಿ ಗಾಜಿನ ಪೆಟ್ಟಿಗೆ ನೋಡಿ ‘ಎಲ್ಲೋ ನಿನ್ನ ಜೇಡ?’ ಎಂದಾಗ ಹುಡುಗನಿಗಿಂತ ಮೊದಲು ಬಾಯಿ ತೆರೆದವರೂ ತಾಯಿಯೇ. ‘ಹೋಯ್ತಮ್ಮ ಅದು, ಯುಗಾದಿ ಆಗಿ ಮೂರನೇ ದಿನ’ ಎಂದು ಶುರು ಮಾಡಿ, ಹೇಗಾಯ್ತು ಎಂಬುದನ್ನೆಲ್ಲ ಹೇಳಿದರಂತೆ.